ದಂಡಿನ ನಕ್ಷೆಯೂ ನಮ್ಮ ಕೆರೆಯ ಹೆಸರೂ

ಹದಿನೆಂಟನೆಯ ಶತಮಾನದ ದಂಡಿನ ನಕ್ಷೆಗಳಿಂದ ಕನ್ನಡ ಶಾಲೆಯ ಮಕ್ಕಳಿಗೆ ಆಗಬೇಕಾದುದೇನು ಎಂದು ಕೇಳುವವರು ನಮ್ಮಲ್ಲಿದ್ದಾರೆ. ಗೆದ್ದವರು ಬರೆಸಿಕೊಂಡ ಕಾಗದ, ಲಂಡನ್ನಿನಲ್ಲಿಯೇ ಇರಲಿ ಎಂಬುದು ಅವರ ವಾದ. ಅಳೆದು ಬರೆದುದು ಸುಳ್ಳಾದೀತೇ ಎಂದು ಅದನ್ನೇ ವೇದವಾಕ್ಯವೆನ್ನುವವರೂ ಉಂಟು. ಈ ಎರಡು ಮಾತನ್ನೂ ನಾವು ಒಪ್ಪಲಾರೆವು.

ಸೇನೆ ನಡೆದಂತೆ ಅಳತೆಯ ಗಾಲಿಯನ್ನು ಉರುಳಿಸಿ, ಅದರ ಸುತ್ತುಗಳಿಂದ ದೂರವನ್ನೂ ದಿಕ್ಸೂಚಿಯಿಂದ ದಿಕ್ಕನ್ನೂ ಗುರುತಿಸಿಕೊಂಡು, ಬೀಡು ಬಿಟ್ಟಲ್ಲಿ ಕುಳಿತು ಬೆಟ್ಟ, ಹಳ್ಳ, ಕೆರೆಗಳನ್ನು ಕೈಯಿಂದಲೇ ಚಿತ್ರಿಸುತ್ತಿದ್ದರು. ಪಳಗಿದ ಕೈಯ ಕೆಲಸವದು; ಹಳಿಯುವಂತಿಲ್ಲ. ಆದರೆ ೧೭೯೧ರ ಮೇ ತಿಂಗಳನ್ನು ನೆನೆಯಿರಿ. ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಸಮೀಪದವರೆಗೆ ಬಂದು, ಅರಕೆರೆಯ ಬಳಿ ಕಾದಿ, ಮೇವಿಲ್ಲದೆ ಎತ್ತುಗಳು ಸಾಯುತ್ತಿರಲು ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದನು. ಶಿಬಿರದ ನಕ್ಷೆಯಲ್ಲಿ ಪಡೆಗಳ ಸಾಲು ನೆಟ್ಟಗಿರುತ್ತದೆ. ಸತ್ತ ಎತ್ತು ಅಲ್ಲಿಲ್ಲ. ದಂಡು ಮೇಯಿಸಿಹೋದ ಹೊಲದ ಒಡೆಯನಂತೂ ಇಲ್ಲವೇ ಇಲ್ಲ.

ಹೆಸರುಗಳ ಪಾಡನ್ನಂತೂ ಹೇಳತೀರದು. ಸಾವನದುರ್ಗವು 'ಸೆವರ್ನ್‌ಡ್ರೂಗ್' ಆಯಿತು, ಶ್ರೀರಂಗಪಟ್ಟಣವು 'ಸೆರಿಂಗಪಟಾಮ್' ಆಯಿತು. ನಾವು ನಗುತ್ತೇವೆ. ನಗುವ ಮುನ್ನ ನಮ್ಮ ತರಗತಿಯ ಹುಡುಗನನ್ನು ಶಾಲೆಯ ಹಿಂದಣ ಕೆರೆಯ ಹೆಸರೇನೆಂದು ಕೇಳಿನೋಡೋಣ. 'ಅದೇ, ಆ ಕೆರೆ' ಎನ್ನುತ್ತಾನೆ. ಪರದೇಶಿಯು ಹೆಸರನ್ನು ಕೆಡಿಸಿದನು, ನಾವು ಕಳೆದೇಬಿಟ್ಟೆವು.

ಗಾಲಿಯೊಂದೇ ಸಾಲದೆಂಬುದನ್ನು ಕಾಲಿನ್ ಮೆಕೆಂಜಿ ಬಲ್ಲವನಾಗಿದ್ದನು. ಆ ಯುದ್ಧಗಳಲ್ಲಿ ಇದ್ದ ಅವನು ಮುಂದೆ ಮೈಸೂರು ಸೀಮೆಯನ್ನೂ ಅನಂತರ ನಮ್ಮ ದತ್ತಮಂಡಲವನ್ನೂ ಅಳೆಯಿಸಿದಾಗ, ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸೋದರರಂಥ ಸಹಾಯಕರ ಮೂಲಕ ಶಾಸನಗಳನ್ನೂ ಊರೂರ ಕೈಫಿಯತ್ತುಗಳನ್ನೂ ಕೂಡಿಸಿದನು. ಕನ್ನಡ ಕೈಫಿಯತ್ತುಗಳು ಉಳಿದಿರುವುದು ಆ ಬುದ್ಧಿಯಿಂದ.

ಇದೆಲ್ಲ ದೂರದ ಕಥೆಯೆಂದು ಹಿಂದೂಪುರದವರಾಗಲಿ ಕಲ್ಯಾಣದುರ್ಗದವರಾಗಲಿ ಹೇಳಬಾರದು. ೧೭೯೨ ಮತ್ತು ೧೭೯೯ರ ಹಂಚಿಕೆಗಳಲ್ಲಿ ನಿಜಾಮನು ಪಡೆದ ಸೀಮೆಯನ್ನು ೧೮೦೦ರಲ್ಲಿ ಕಂಪೆನಿಗೆ ಬಿಟ್ಟುಕೊಟ್ಟನು. ನಮ್ಮ ಊರುಗಳು ಆ ಪಾಲಿನವು. ನೆರೆಯ ಪಾವಗಡ ಮೈಸೂರಿನಲ್ಲಿ ಉಳಿಯಿತು. ೧೯೫೩ರಲ್ಲಿಯೂ ೧೯೫೬ರಲ್ಲಿಯೂ ಇಲ್ಲಿ ಹೊಸ ಗೆರೆ ಎಳೆಯಲಿಲ್ಲ, ಹಳೆಯದನ್ನೇ ಉಳಿಸಿಕೊಂಡರು. ಅದನ್ನು ಅಳಿಸಿರೆಂದು ನಾವು ಕೇಳುತ್ತಿಲ್ಲ. ಗೆರೆಯ ಈಚೆಗಿನ ಕನ್ನಡದ ಹೊಲ, ಹಳ್ಳ, ದಿಣ್ಣೆಗಳ ಹೆಸರು ಯಾವ ನಕ್ಷೆಯಲ್ಲಿದೆ ಎಂದು ಮಾತ್ರ ಕೇಳುತ್ತಿದ್ದೇವೆ.

ಉಪಾಧ್ಯಾಯ ಬಂಧುಗಳೇ, ಅಚ್ಚಾದ ಭೂಪಟದ ಮೇಲೆ ಬಣ್ಣ ತುಂಬಿಸಿದ್ದು ಸಾಕು. ಮಕ್ಕಳ ಕೈಗೆ ಹಗ್ಗ, ದಿಕ್ಸೂಚಿ, ಬಿಳಿಯ ಹಾಳೆಯನ್ನು ಕೊಡಿ. ಊರನ್ನು ಅವರೇ ಅಳೆಯಲಿ. 'ಪಾಳ್ಯ'ವೆಂಬ ಹೆಸರಿದ್ದರೆ ಅಲ್ಲಿ ಬೀಡುಬಿಟ್ಟ ದಂಡು ಯಾರದೆಂದು ಹಿರಿಯರನ್ನು ವಿಚಾರಿಸಲಿ. ಇದಕ್ಕೆ ಅಂಕವೆಷ್ಟು ಎಂದು ಕೇಳುವಿರಾ? ಒಂದೂ ಇಲ್ಲ. ಹೆಸರು ಬಲ್ಲ ಅಜ್ಜಂದಿರು ಊರಿಗೆ ಇಬ್ಬರೋ ಮೂವರೋ ಉಳಿದಿದ್ದಾರೆ. ಬರುವ ಶನಿವಾರವೇ ಹೊರಡಿ.