ಹೊಯಿಗೆಯ ಕೆಳಗೆ ಕೆಂಡ

ಡಿಸೆಂಬರ್ ಬಂತೆಂದರೆ ನಮ್ಮ ಕಡಲ ಕಿನಾರೆಗಳಿಗೆ ಹೊಸ ಕಳೆ. ಮಲ್ಪೆ, ಕಾಪು, ಮರವಂತೆ, ಅತ್ತ ಗೋಕರ್ಣದ ಕುಡ್ಲೆ, ಓಂ ಬೀಚುಗಳವರೆಗೆ ಎಲ್ಲಿ ನೋಡಿದರಲ್ಲಿ ಜನ. ಬರಲಿ, ಸಂತೋಷ. ನಾಲ್ಕು ಅಂಗಡಿಗೆ ವ್ಯಾಪಾರವಾಗುತ್ತದೆ, ರಿಕ್ಷಾದವರಿಗೂ ಬಾಡಿಗೆ ಸಿಗುತ್ತದೆ. ಆದರೆ ಹೊತ್ತು ಮುಳುಗಿದ ಮೇಲೆ ಇವರಿಗೊಂದು ಚಪಲ. ಬೆಂಕಿ ಹಾಕಬೇಕು, ಸುತ್ತ ಕೂತು ಹಾಡಬೇಕು. ಅದಕ್ಕೆ ‘ಕ್ಯಾಂಪ್ ಫೈರ್’ ಎಂದು ಹೆಸರು. ಚಳಿ ಎಲ್ಲಿದೆ ಮಾರಾಯರೇ ಎಂದು ಕೇಳಬೇಡಿ. ಒಂದು ಕೈಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಚಳಿ ಕಾಯಿಸುವವರನ್ನು ನಮ್ಮ ಕರಾವಳಿಯಲ್ಲೇ ನೋಡಬೇಕು!

ನಮ್ಮ ತಕರಾರು ಬೆಂಕಿಯ ಮೇಲಲ್ಲ, ಬೆಂಕಿ ಬಿಟ್ಟು ಎದ್ದು ಹೋಗುವ ರೀತಿಯ ಮೇಲೆ. ನಡುರಾತ್ರಿ ನಿದ್ದೆ ಬಂದಾಗ ಕಾಲಿನಿಂದಲೇ ಒಂದಿಷ್ಟು ಹೊಯಿಗೆ ತಳ್ಳಿ ಮುಚ್ಚಿ, ‘ಆರಿತು’ ಎಂದು ಹೊರಡುತ್ತಾರೆ. ಆರುವುದಿಲ್ಲ ಸ್ವಾಮಿ! ಒಣ ಹೊಯಿಗೆ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ನಮ್ಮ ಅಜ್ಜಿಯಂದಿರು ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟು, ಬೆಳಿಗ್ಗೆ ಅದನ್ನೇ ಊದಿ ಒಲೆ ಹೊತ್ತಿಸುತ್ತಿದ್ದುದು ಯಾತಕ್ಕೆ? ಮುಚ್ಚಿದರೆ ಕೆಂಡ ಉಳಿಯುತ್ತದೆ ಎಂದೇ ಅಲ್ಲವೇ? ಉರಿಯುವ ಬೆಂಕಿ ಕಂಡರೆ ಮಗುವೂ ದೂರ ಸರಿಯುತ್ತದೆ. ಹೊಯಿಗೆಯ ಕೆಳಗಿನ ಕೆಂಡ ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆಳಿಗ್ಗೆ ಅಲ್ಲಿಗೆ ಮೊದಲು ಬರುವವರು ಪ್ರವಾಸಿಗಳಲ್ಲ, ಕೈರಂಪಣಿ ಎಳೆಯುವವರು. ಎಲ್ಲರದೂ ಬರಿಗಾಲು. ಹಗ್ಗ ಹಿಡಿದು ಹಿಂದಕ್ಕೆ ಹೆಜ್ಜೆ ಇಡುವವನಿಗೆ ಬೆನ್ನಲ್ಲಿ ಕಣ್ಣಿರುತ್ತದೆಯೇ? ನಮ್ಮ ಪರಿಚಯದ ಒಬ್ಬರಿಗೆ ಕಳೆದ ವರ್ಷ ಹೀಗೇ ಅಂಗಾಲು ಸುಟ್ಟು ಮೂರು ವಾರ ನೀರಿಗೆ ಇಳಿಯಲಾಗಲಿಲ್ಲ. ಸುಟ್ಟ ಕಾಲಿಗೆ ಉಪ್ಪುನೀರು ತಾಗಿದರೆ ಜೀವ ಹೋಗುತ್ತದೆ. ಮೂರು ವಾರದ ಪಾಲು ಹೋಯಿತು. ಬೆಂಕಿ ಹಾಕಿದವರು ಆ ಹೊತ್ತಿಗೆ ಯಾವ ಊರು ಸೇರಿದ್ದರೋ. ಕೆಂಡ ತುಳಿಯುವುದು ಹರಕೆ ಹೊತ್ತವರ ಕೆಲಸ. ಬಲೆ ಎಳೆಯುವವನು ಯಾವ ಹರಕೆ ಹೊತ್ತಿದ್ದ?

ಇನ್ನು ಕಿಡಿಯ ವಿಚಾರ. ಸಂಜೆ ಗಾಳಿ ಕಡಲಿನಿಂದ ದಡಕ್ಕೆ ಬೀಸುತ್ತದೆ. ಕಿಡಿ ಹಾರುವುದು ಗಾಳಿಮರದ ತೋಪಿನ ಕಡೆಗೆ, ಅಲ್ಲಿ ನೆಲದ ತುಂಬ ಒಣ ತರಗು. ರಾತ್ರಿ ಅದೇ ಗಾಳಿ ತಿರುಗಿ ದಡದಿಂದ ಕಡಲಿಗೆ ಹೊರಡುತ್ತದೆ. ಆಗ ನಡುವೆ ಸಿಗುವುದು ಎಳೆದಿಟ್ಟ ಫೈಬರ್ ದೋಣಿ, ರಾಶಿ ಹಾಕಿದ ನೈಲಾನ್ ಬಲೆ. ಬಲೆ ಹೊತ್ತಿಕೊಂಡರೆ ಒಂದು ಮನೆಯ ಅನ್ನವೇ ಹೋದಂತೆ.

ಕಡಲಾಮೆಗಳದ್ದೂ ಒಂದು ಮಾತಿದೆ. ಆಲಿವ್ ರಿಡ್ಲೆ ಆಮೆಗಳು ನಮ್ಮ ದಡದಲ್ಲಿ ಮೊಟ್ಟೆ ಇಡುವುದು ಇದೇ ಚಳಿಗಾಲದ ಆಸುಪಾಸಿನಲ್ಲಿ. ರಾತ್ರಿ ಮೊಟ್ಟೆಯೊಡೆದು ಬಂದ ಮರಿ ಬೆಳಕು ಕಂಡತ್ತ ಹೋಗುತ್ತದೆ. ಕಡಲ ಮೇಲಿನ ಬೆಳಕೆಂದು ನಂಬಿ ಬೆಂಕಿಯ ಕಡೆ ತೆವಳಿದರೆ ಅದಕ್ಕೆ ಹೇಳುವವರು ಯಾರು? 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ, ಹುಲಿಯ ಜೊತೆಗೇ ಇರುವ ಪ್ರಾಣಿ ಇದು.

ಕಾನೂನು ಇಲ್ಲವೇ? ಇದೆ. ಜನರ ಜೀವಕ್ಕೆ ಅಪಾಯವಾಗುವಂತೆ ಬೆಂಕಿಯ ವಿಷಯದಲ್ಲಿ ಅಜಾಗರೂಕರಾದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಹಳೆಯ ದಂಡಸಂಹಿತೆಯ 285ನೇ ಕಲಂ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 287 ಆಗಿದೆ, ಅಷ್ಟೇ. ನಂಬರು ಬದಲಾಯಿತು, ಕಿನಾರೆ ಬದಲಾಗಲಿಲ್ಲ. ಪಂಚಾಯತನ್ನು ಕೇಳಿದರೆ ಪೊಲೀಸರ ಕಡೆ ಬೆರಳು, ಪೊಲೀಸರನ್ನು ಕೇಳಿದರೆ ಪ್ರವಾಸೋದ್ಯಮದ ಕಡೆ, ಅವರನ್ನು ಕೇಳಿದರೆ ಅರಣ್ಯದ ಕಡೆ.

ಪೂರಾ ನಿಷೇಧ ಮಾಡಿ ಎಂದು ನಾವು ಹೇಳುವುದಿಲ್ಲ. ಮಾಡಿದರೆ ಬಂಡೆಯ ಮರೆಯಲ್ಲಿ ಹಾಕುತ್ತಾರೆ, ಅದು ಇನ್ನೂ ಕೆಟ್ಟದ್ದು. ಒಂದೊಂದು ಕಿನಾರೆಯಲ್ಲಿ ಒಂದೆರಡು ಜಾಗ ಗುರುತು ಮಾಡಿಕೊಡಿ. ತೋಪು, ದೋಣಿ, ಆಮೆಗೂಡುಗಳಿಂದ ದೂರ, ಒದ್ದೆ ಹೊಯಿಗೆಯ ಹತ್ತಿರ ಇರಲಿ. ಬೆಂಕಿ ಮೊಣಕಾಲೆತ್ತರ ಮೀರದಿರಲಿ. ಪೆಟ್ರೋಲು ಸುರಿಯುವುದು, ಟಯರು ಪ್ಲಾಸ್ಟಿಕ್ ಸುಡುವುದು, ಮೊಳೆಯಿರುವ ಹಲಗೆ ಉರಿಸುವುದು ಕೂಡದು; ಹಲಗೆ ಬೂದಿಯಾದರೂ ಮೊಳೆ ಹೊಯಿಗೆಯಲ್ಲೇ ಉಳಿಯುತ್ತದೆ. ಏಳುವಾಗ ಬಕೆಟಿನಲ್ಲಿ ಕಡಲನೀರು ತಂದು ಸುರಿಯಬೇಕು, ಕೋಲಿನಿಂದ ಕದಡಿ ಮತ್ತೆ ಸುರಿಯಬೇಕು, ಬಿಸಿ ಬಿಡುವ ತನಕ. ನೀರಿಗೇನು ಬರವೇ? ಎದುರಿಗೇ ಅರಬ್ಬೀ ಸಮುದ್ರ!

ಪಡುಬಿದ್ರಿ, ಕಾಸರಕೋಡುಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಸಿಕ್ಕಿತಲ್ಲ, ಅಲ್ಲಿ ಫಲಕ ಹಾಕಿ ನಿಯಮ ಬರೆಯಲು ಸಾಧ್ಯವಾಯಿತು. ಉಳಿದ ಕಿನಾರೆಗಳೇನು ಮಲತಾಯಿ ಮಕ್ಕಳೇ? ಹೋಮ್‌ಸ್ಟೇ, ರೆಸಾರ್ಟಿನವರಿಗೂ ಒಂದು ನೋಟೀಸು ಹೋಗಲಿ. ಸೌದೆ ಕೊಟ್ಟು ಕಾಸು ತೆಗೆದುಕೊಂಡವರು ಬಕೆಟನ್ನೂ ಕೊಡಲಿ, ಆರಿಸಿದ್ದನ್ನು ನೋಡಿ ಬರಲು ಒಬ್ಬ ಆಳನ್ನೂ ಕಳಿಸಲಿ.

ಹೊಸವರ್ಷದ ರಾತ್ರಿ ದೂರವಿಲ್ಲ. ಮರುದಿನ ಬೆಳಿಗ್ಗೆಯೂ ಕೈರಂಪಣಿಯವರು ಬರಿಗಾಲಲ್ಲೇ ಬರುತ್ತಾರೆ. ಜಿಲ್ಲಾಧಿಕಾರಿಗಳು ಅದಕ್ಕೆ ಮುಂಚೆ ಈ ನಾಲ್ಕು ಇಲಾಖೆಯವರನ್ನು ಒಂದೇ ಮೇಜಿನ ಸುತ್ತ ಕೂರಿಸಲಿ.