ಅನ್ನವಿಕ್ಕುವವರಿಗೆ ಒಂದು ಮಾತು

ಹಸಿದವರಿಗೆ ಅನ್ನವಿಕ್ಕಬೇಕೆಂಬುದನ್ನು ನಮ್ಮ ಜನಕ್ಕೆ ಹೊಸದಾಗಿ ಬೋಧಿಸಬೇಕಾದುದಿಲ್ಲ. ಮಠದ ದಾಸೋಹ, ಗುಡಿಯ ಪ್ರಸಾದ, ಬಡ ವಿದ್ಯಾರ್ಥಿಗಳ ವಾರಾನ್ನ, ಮನೆಮನೆಯಿಂದ ಕೂಡಿಸಿದ ಮುಷ್ಟಿಯಕ್ಕಿ, ಇವೆಲ್ಲವನ್ನೂ ಕಂಡು ಬೆಳೆದ ನಾಡು ಇದು. ಆದರೆ ಇಕ್ಕುವ ಕೈ ಹೇಗಿರಬೇಕೆಂಬ ವಿಷಯದಲ್ಲಿ ನಾವು ದಿನೇ ದಿನೇ ಅಜಾಗರೂಕರಾಗುತ್ತಿರುವೆವೆಂದು ಹೇಳದೆ ವಿಧಿಯಿಲ್ಲ. ಶಿವಮೊಗ್ಗೆಯಲ್ಲಿಯೂ ಭದ್ರಾವತಿಯಲ್ಲಿಯೂ ಅನ್ನಸೇವೆಗೆ ಹೊರಡುವ ತರುಣರು ಈಗ ವಿರಳರಲ್ಲ. ಅವರ ಉತ್ಸಾಹವು ಮೆಚ್ಚತಕ್ಕದ್ದೇ. ಸೌಟಿಗಿಂತ ಮೊದಲು ಅವರ ಜೇಬಿನಿಂದ ಮೊಬೈಲು ಹೊರಬರುವುದನ್ನು ಮಾತ್ರ ನಾವು ಮೆಚ್ಚಲಾರೆವು.

2019ರ ಆಗಸ್ಟಿನಲ್ಲಿ ತುಂಗೆಯು ಶಿವಮೊಗ್ಗೆಯ ತಗ್ಗಿನ ಬೀದಿಗಳಿಗೆ ನುಗ್ಗಿದಾಗ, ಭದ್ರೆಯು ಭದ್ರಾವತಿಯ ಹೊಳೆದಂಡೆಯ ಮನೆಗಳನ್ನು ಹೊಕ್ಕಾಗ, ಒಲೆಯೇ ನೀರಿನಲ್ಲಿ ಮುಳುಗಿದ ಸಂಸಾರಗಳಿಗೆ ಅಕ್ಕಿಯ ಮೂಟೆಯಿಂದ ಪ್ರಯೋಜನವಿರಲಿಲ್ಲ. ಬೆಂದ ಅನ್ನವೇ ಬೇಕಾಗಿತ್ತು. ಮರುವರ್ಷ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಮೇ ತಿಂಗಳು ಬರುವವರೆಗೂ ಶಿವಮೊಗ್ಗೆ ಜಿಲ್ಲೆಯಲ್ಲಿ ಕೊರೋನಾ ಸೋಂಕು ಒಂದೂ ಪತ್ತೆಯಾಗಿರಲಿಲ್ಲ. ದಿನಗೂಲಿಯವರ ಮನೆಗೆ ಹಸಿವು ಮಾತ್ರ ಮಾರ್ಚ್ ಕಳೆಯುವುದರೊಳಗೇ ಬಂದು ಕುಳಿತಿತ್ತು. ಆ ಎರಡು ಸಂಕಟಗಳಲ್ಲಿಯೂ ಜಾತಿ ಮತಗಳನ್ನು ನೋಡದೆ ಅಡಿಗೆ ಮಾಡಿ ಹೊತ್ತವರ ಸೇವೆ ಸಣ್ಣದಲ್ಲ. ಆದರೆ ಅದೇ ಕಾಲದಲ್ಲಿ ಒಂದು ಕೆಟ್ಟ ರೂಢಿಯೂ ಬೇರೂರಿತು. ಒಂದು ಪೊಟ್ಟಣವನ್ನು ಐದು ಕೈಗಳು ಹಿಡಿದು, ಪಡೆಯುವವಳ ಮುಖವನ್ನು ಬೆಳಕಿಗೆ ತಿರುಗಿಸಿ, ಚಿತ್ರ ತೆಗೆದು ಊರಿಗೆಲ್ಲ ಹಂಚುವುದು! ವಕೀಲನ ಮಾತಿನಲ್ಲಿ ಹೇಳುವುದಾದರೆ ಇದು ದಾನವಲ್ಲ, ಕ್ರಯ. ಪೊಟ್ಟಣಕ್ಕೆ ಬೆಲೆಯಾಗಿ ಆಕೆಯ ಮುಖವನ್ನು ಪಡೆದಂತಾಯಿತು. “ಆಕೆ ಬೇಡವೆನ್ನಲಿಲ್ಲವಲ್ಲ” ಎಂದು ಒಬ್ಬ ತರುಣನು ನನ್ನೊಡನೆ ವಾದಿಸಿದನು. ಅನುಚಿತ ಪ್ರಭಾವದಿಂದ ಪಡೆದ ಸಮ್ಮತಿಯನ್ನು 1872ರ ಕರಾರು ಕಾಯಿದೆಯೇ ಸ್ವತಂತ್ರ ಸಮ್ಮತಿಯೆಂದು ಎಣಿಸುವುದಿಲ್ಲ. ಮಕ್ಕಳು ಹಸಿದು ಅಳುತ್ತಿರುವಾಗ ತಾಯಿಯು ಬೇಡವೆನ್ನುವಳೆ?

ದಾಸೋಹವೆಂಬ ಶಬ್ದವನ್ನು ನಾವು ಎಷ್ಟು ಸುಲಭವಾಗಿ ಬಳಸುತ್ತೇವೆ! ‘ದಾಸನು ನಾನು’ ಎಂದು ಅದರ ಅರ್ಥ. ಇಕ್ಕುವವನೇ ಅಲ್ಲಿ ಆಳು. ಹನ್ನೆರಡನೆಯ ಶತಮಾನದ ಶರಣರು ಈ ಮಾತಿಗೆ ಕೊಟ್ಟ ತೂಕವನ್ನು ನಮ್ಮ ಜಿಲ್ಲೆಯವರಿಗೆ ನೆನಪಿಸಬೇಕೆ? ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ ಇಬ್ಬರೂ ಶಿಕಾರಿಪುರದ ಸೀಮೆಯವರು. ಹಳೆಯ ಪದ್ಧತಿಗಳೆಲ್ಲ ಚೆನ್ನಾಗಿದ್ದುವೆಂದು ನನ್ನ ಅಭಿಪ್ರಾಯವಲ್ಲ. ವಾರಾನ್ನದ ಹುಡುಗನನ್ನು ಜಗಲಿಯಲ್ಲಿ ಬೇರೆಯಾಗಿ ಕೂರಿಸಿದ ಮನೆಗಳಿದ್ದುವು. ಪಂಕ್ತಿಭೇದವು ಎಷ್ಟು ಜನರ ಕೊರಳಿನಲ್ಲಿ ತುತ್ತನ್ನು ತಡೆದಿತ್ತೆಂಬುದೂ ತಿಳಿದದ್ದೇ. ಅದನ್ನು ಬಿಟ್ಟು ಬಂದೆವೆಂದು ಹೆಮ್ಮೆಪಡುವ ನಾವು ಈಗ ಕೊಡುವವರ ಪಂಕ್ತಿಯೊಂದು, ಬೇಡುವವರ ಪಂಕ್ತಿಯೊಂದು ಎಂದು ಹೊಸ ಭೇದವನ್ನು ಕಲ್ಪಿಸುವುದೆ?

ಭದ್ರಾವತಿಯ ಸ್ಥಿತಿಯನ್ನು ನೋಡಿರಿ. ಬೆಂಕಿಪುರವೆಂದು ಹೆಸರಿದ್ದ ಊರಿನಲ್ಲಿ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಗೆ ತೊಡಗಿತು. 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಎರಡು ಮೂರು ತಲೆಮಾರುಗಳು ಸಂಬಳದ ದಿನವನ್ನೇ ಪಂಚಾಂಗವನ್ನಾಗಿ ಮಾಡಿಕೊಂಡು ಬಾಳಿದುವು. 2015ರಲ್ಲಿ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತುವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಣಯವು ಹೊರಬಿದ್ದು ಗುತ್ತಿಗೆ ಕೆಲಸಗಾರರು ಧರಣಿ ಕೂತರು. ಇಂತಹ ಊರಿನ ಹಸಿವು ಭಿಕ್ಷುಕನ ಹಸಿವಲ್ಲ. ಅಂಗಡಿಯವನು ಉದ್ದರಿ ಪುಸ್ತಕವನ್ನು ಮುಚ್ಚಿದ ದಿನ ಅದು ಆರಂಭವಾಗುತ್ತದೆ. ಮೊದಲು ಹಾಲು, ಆಮೇಲೆ ಬೇಳೆ, ಆಮೇಲೆ ರಾತ್ರಿಯ ಊಟ ಹೀಗೆ ಒಂದೊಂದಾಗಿ ಮನೆಯಿಂದ ಹೊರಡುತ್ತವೆ. ನಿನ್ನೆಯವರೆಗೆ ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದ ಗೃಹಿಣಿಯು ಪೊಟ್ಟಣಕ್ಕಾಗಿ ಬೀದಿಯಲ್ಲಿ ಸಾಲು ನಿಲ್ಲುವಳೆಂದು ನಂಬಿದವನು ನಮ್ಮ ಜನವನ್ನು ಅರಿತವನಲ್ಲ. ಎದುರಾದವರನ್ನು “ಊಟವಾಯಿತೆ?” ಎಂದು ವಿಚಾರಿಸುವುದು ನಮ್ಮ ಕುಶಲಪ್ರಶ್ನೆ. “ಆಯಿತು” ಎಂಬುದು ಅದಕ್ಕೆ ಮರ್ಯಾದೆಯ ಉತ್ತರ. ಆಗದಿದ್ದವರೂ ಅದನ್ನೇ ಹೇಳುತ್ತಾರೆ.

ಆದಕಾರಣ ಸಂಸಾರಸ್ಥರಿಗೆ ಅನ್ನವೀಯುವ ಕ್ರಮವೇ ಬೇರೆಯಾಗತಕ್ಕದ್ದು. ಆಸ್ಪತ್ರೆಯ ಅಂಗಳದಲ್ಲಿ ರೋಗಿಗಳ ಆರೈಕೆಗೆಂದು ದೂರದಿಂದ ಬಂದವರಿಗೆ, ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಪಂಕ್ತಿ ಹಾಕಿ ಬಡಿಸುವುದು ಸರಿ; ಅಲ್ಲಿ ಸ್ವಯಂಸೇವಕರೂ ಅದೇ ಪಂಕ್ತಿಯಲ್ಲಿ ಕೂತು ಅದೇ ಸಾರನ್ನು ಉಣ್ಣಲಿ. ಮನೆಯುಳ್ಳವರಿಗೆ ಮಾತ್ರ ಪೊಟ್ಟಣ ಬೇಡ, ಪಾತ್ರೆಯಲ್ಲಿ ಕೊಡಿರಿ. ಬಿಸಿ ಅನ್ನವನ್ನು ಪೊಟ್ಟಣ ಕಟ್ಟಿಟ್ಟರೆ ನಮ್ಮ ಚೈತ್ರ ವೈಶಾಖದ ಸೆಕೆಯಲ್ಲಿ ಹಳಸುವುದೆಂಬುದು ಒಂದು ಕಾರಣ. ಮುಖ್ಯವಾದ ಕಾರಣ ಇನ್ನೊಂದುಂಟು. ತಲೆಗೊಂದು ಪೊಟ್ಟಣ ಹಂಚಿದರೆ ಮನೆಯವರು ಫಲಾನುಭವಿಗಳಾಗುತ್ತಾರೆ. ಅನ್ನದ ಪಾತ್ರೆ, ಸಾರಿನ ಪಾತ್ರೆ ಮುಸ್ಸಂಜೆಗೆ ಹಿತ್ತಿಲ ಬಾಗಿಲಿಗೆ ಬಂದರೆ ತಾಯಿಯು ತನ್ನ ಮಕ್ಕಳಿಗೆ ತಾನೇ ಬಡಿಸುತ್ತಾಳೆ. ಯಾರಿಗೆ ಗಟ್ಟಿ, ಯಾರಿಗೆ ತಿಳಿ, ಮುದುಕರಿಗೆ ಎಷ್ಟು ಮೆತ್ತಗೆ ಎಂಬುದು ಆಕೆಗೆ ತಿಳಿದಂತೆ ಯಾವ ಸಂಘಕ್ಕೂ ತಿಳಿಯದು. ನಮ್ಮಲ್ಲಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆಯಿಲ್ಲ. ನಾಲ್ಕು ಎಸಳು ಕರಿಬೇವು, ಒಂದು ನಿಂಬೆಹಣ್ಣು, ಏನಾದರೂ ಇಟ್ಟೇ ಕೊಡುವರು. ಅದನ್ನು “ಅಯ್ಯೋ ಬೇಡಮ್ಮಾ” ಎಂದು ನಿರಾಕರಿಸಬಾರದು. ತೆಗೆದುಕೊಂಡು ಬರತಕ್ಕದ್ದು.

ಸರಕಾರವಿರುವಾಗ ಈ ಉಪದ್ವ್ಯಾಪವೇಕೆಂದು ಕೆಲವರು ಕೇಳುವರು. 2013ರ ಆಹಾರ ಭದ್ರತಾ ಕಾಯಿದೆಯು ಧಾನ್ಯವನ್ನು ಹಕ್ಕನ್ನಾಗಿ ಮಾಡಿದೆ. ಅದು ದೊರೆಯದಿದ್ದರೆ ಭತ್ಯೆಯನ್ನೂ, ದೂರು ಕೇಳಲು ಜಿಲ್ಲೆಗೊಬ್ಬ ಅಧಿಕಾರಿಯನ್ನೂ ವಿಧಿಸಿದೆ. ಹಕ್ಕಿರುವಲ್ಲಿ ಯಾರೂ ದಯೆಯನ್ನು ಬೇಡಬೇಕಾಗಿಲ್ಲ. ಕಾರ್ಡು ಸಿಕ್ಕದವರ ಅರ್ಜಿಯನ್ನು ಬರೆದುಕೊಡುವುದು ನನ್ನ ವೃತ್ತಿಬಾಂಧವರು ಶುಲ್ಕವಿಲ್ಲದೆ ಮಾಡಬಹುದಾದ ಅನ್ನಸೇವೆ. ಆದರೆ ಅಕ್ಕಿಯೇ ಊಟವಲ್ಲವಷ್ಟೆ. ಬೇಳೆ ಬೇಕು, ಎಣ್ಣೆ ಬೇಕು, ಗ್ಯಾಸು ಬೇಕು, ಬೇಯಿಸುವ ತಾಯಿಯು ಜ್ವರದಿಂದ ಮಲಗಿರಬಾರದು. ಕಾಯಿದೆಯ ಕೈ ಅಲ್ಲಿಯವರೆಗೆ ನೀಳವಲ್ಲ. ನೆರೆಹೊರೆಯವರ ಕೈ ಮುಟ್ಟುತ್ತದೆ.

ಕೊನೆಯದಾಗಿ ಉಪಾಧ್ಯಾಯ ಮಹಾಶಯರಲ್ಲಿ ಒಂದು ಬಿನ್ನಹ. ಬಾಯಿಬಿಟ್ಟು ಹೇಳದ ಮನೆಗಳು ಯಾವುವೆಂದು ಸ್ವಯಂಸೇವಕರಿಗೆ ತಿಳಿಯುವುದು ಕಷ್ಟ, ತಮಗೆ ಕಷ್ಟವಲ್ಲ. ಸೋಮವಾರದ ಬಿಸಿಯೂಟಕ್ಕೆ ಗಂಟೆಗಿಂತ ಮುಂಚೆ ತಟ್ಟೆ ಹಿಡಿದು ನಿಲ್ಲುವ ಮಗುವು ಭಾನುವಾರದ ಕಥೆಯನ್ನೆಲ್ಲ ಹೇಳಿಬಿಡುತ್ತದೆ. ಅಕ್ಷರ ದಾಸೋಹದ ಒಲೆ ಬೇಸಗೆಯ ರಜೆಯಲ್ಲಿ ಆರುತ್ತದೆ. ಬರವೆಂದು ಸಾರಿದ ವರ್ಷಗಳಲ್ಲಿ ರಜೆಯಲ್ಲಿಯೂ ಉರಿದುದುಂಟು, ಆದರೆ ಪ್ರತಿ ವರ್ಷವೂ ಬರವನ್ನು ಹಾರೈಸಲಾದೀತೆ? ಪಟ್ಟಿಯನ್ನು ಬರೆಯಬೇಡಿರಿ. ನಂಬಿಕೆಯ ಒಬ್ಬ ಸ್ವಯಂಸೇವಕನ ಕಿವಿಯಲ್ಲಿ ಬೀದಿಯನ್ನೂ ಬಾಗಿಲನ್ನೂ ಹೇಳಿದರೆ ಸಾಕು. ಏಪ್ರಿಲ್ ಬರುವುದರೊಳಗೆ ಎರಡೂ ಊರುಗಳಲ್ಲಿ ಬೀದಿಗೊಂದು ಅಡಿಗೆಯ ಮನೆ, ಮುಚ್ಚಳವಿರುವ ಹತ್ತು ಜೊತೆ ಪಾತ್ರೆಗಳು ಸಿದ್ಧವಾಗಲಿ.