ಮಲಗಿದ ದನ ಸೋಮಾರಿಯಲ್ಲ



ಮಳೆಗಾಲದ ರಾತ್ರಿ ಹುಬ್ಬಳ್ಳಿಯ ವಿದ್ಯಾನಗರದ ಕಡೆಗೆ ಬಂದಾಗ, ಡಾಂಬರು ರಸ್ತೆಯ ಮೇಲೆಯೇ ದನಗಳು ಮಲಗಿರುವುದನ್ನು ನೀವು ಕಂಡಿರಬಹುದು. ಸುತ್ತಲಿನ ನೆಲ ಕೆಸರಾದಾಗ ಅವು ಒಣ ಜಾಗವನ್ನು ಹುಡುಕುತ್ತವೆ. ವಾಹನದ ಭಯವಿದ್ದರೂ ಮಲಗದೆ ಅವಕ್ಕೆ ನಡೆಯದು. ನಮ್ಮ ಕೊಟ್ಟಿಗೆಯ ದನಕ್ಕಾದರೋ ಹುಡುಕುವ ಸ್ವಾತಂತ್ರ್ಯವೂ ಇಲ್ಲ, ಕಟ್ಟಿದಲ್ಲಿಯೇ ಮಲಗಬೇಕು.

ಪ್ರಾಣಿಗಳೆಲ್ಲ ಒಂದೇ ರೀತಿ ನಿದ್ರಿಸುವುದಿಲ್ಲ. ಮೈಸೂರಿನ ಮೃಗಾಲಯದಲ್ಲಿ ನೀವು ನೋಡಿರಬಹುದಾದ ಜೀಬ್ರಾ ಎಂಬ ಪಟ್ಟೆಕುದುರೆ, ನಮ್ಮ ಕುದುರೆಯಂತೆ, ಕಾಲಿನ ಕೀಲುಗಳನ್ನು ಬಿಗಿಹಿಡಿದು ನಿಂತೇ ತೂಕಡಿಸಬಲ್ಲದು. ಆಫ್ರಿಕದ ಬಯಲಿನಲ್ಲಿ ಸಿಂಹದ ಭಯವಿರುವುದರಿಂದ ಹಿಂಡಿನ ಕೆಲವು ಮಲಗಿದರೆ ಉಳಿದವು ಎಚ್ಚರವಾಗಿರುತ್ತವೆ. ಆದರೂ ಗಾಢ ನಿದ್ರೆಗೆ ಅದೂ ನೆಲಕ್ಕೆ ಒರಗಲೇಬೇಕು.

ಆಕಳಿಗೆ ನಿಜವಾದ ನಿದ್ರೆ ದಿನಕ್ಕೆ ಸುಮಾರು 4 ಗಂಟೆ ಮಾತ್ರ. ಆದರೆ ಅನುಕೂಲವಿದ್ದರೆ ಅದು 10ರಿಂದ 12 ಗಂಟೆ ಮಲಗುತ್ತದೆ. ಉಳಿದ ಹೊತ್ತು ತೂಕಡಿಕೆ ಮತ್ತು ಮೆಲುಕು. ಮೆಲುಕಿಗೇ 7-8 ಗಂಟೆ ಬೇಕು. ಅದರ ಹೆಚ್ಚಿನ ಪಾಲು ಮಲಗಿದಾಗಲೇ ನಡೆಯುತ್ತದೆ. ಮೆಲುಕಿನ ಜೊಲ್ಲು ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆ. ಮಲಗಿದಾಗ ಕೆಚ್ಚಲಿಗೆ ರಕ್ತವೂ ಹೆಚ್ಚು ಹರಿಯುತ್ತದೆ. ಹೀಗೆ ತಿಂದ ಮೇವು ಹಾಲಾಗುವುದು ವಿಶ್ರಾಂತಿಯ ಹೊತ್ತಿನಲ್ಲಿಯೇ.

ಹಿಂಡಿ, ಹತ್ತಿಕಾಳಿಗೆ ಹಣ ಸುರಿಯುವ ನಾವು ಮಲಗುವ ನೆಲವನ್ನು ಅಲಕ್ಷಿಸುವುದು ತೂತುಬಿದ್ದ ಚೀಲಕ್ಕೆ ಕಾಳು ತುಂಬಿದಂತೆ. ಕಲ್ಲು ಹಾಸಿದ ನೆಲ ತೊಳೆಯಲು ಸುಲಭ, ನಿಜ. ಆದರೆ ತೇವವಾದ ಗಟ್ಟಿ ನೆಲದ ಮೇಲೆ ಮಲಗಲು ದನ ಹಿಂಜರಿಯುತ್ತದೆ. ಆದ್ದರಿಂದ ಗಂಜಲ ಹರಿದುಹೋಗುವಂತೆ ನೆಲಕ್ಕೆ ಇಳಿಜಾರು ಕೊಡಿರಿ. ಕಬ್ಬಿನ ರವದಿಯನ್ನೋ ಒಣ ಹೊಟ್ಟನ್ನೋ ಹಾಸಿ, ತೊಯ್ದದ್ದನ್ನು ದಿನವೂ ತಿಪ್ಪೆಗೆ ಹಾಕಿರಿ, ಗೊಬ್ಬರವೂ ಆಗುತ್ತದೆ. ಗಾಢ ನಿದ್ರೆಯಲ್ಲಿ ದನ ಕತ್ತನ್ನು ಪಕ್ಕೆಗೆ ತಿರುಗಿಸಿಕೊಳ್ಳುತ್ತದೆ. ಹಗ್ಗ ಅಷ್ಟು ಉದ್ದವಿರಲಿ. ಹಾಲು ಹಿಂಡಿದ ಕೂಡಲೆ ಮಾತ್ರ ಮಲಗಗೊಡಬಾರದು. ಮೊಲೆಯ ತೂತು ಮುಚ್ಚಿಕೊಳ್ಳುವವರೆಗೆ, ಅರ್ಧ ಗಂಟೆಯಾದರೂ, ಮೇವು ಹಾಕಿ ನಿಲ್ಲಿಸಿರಿ. ಇದರಿಂದ ಕೆಚ್ಚಲು ಬಾವಿನ ಭಯ ಕಡಿಮೆ.

ಎತ್ತಿನ ಮಾತೂ ಇಷ್ಟೇ. ಸೋಮವಾರ ಬಸವಣ್ಣನ ವಾರವೆಂದು ಎತ್ತು ಹೂಡದ ನಮ್ಮ ಹಿರಿಯರ ರೂಢಿ ಬರಿಯ ಭಕ್ತಿಯಲ್ಲ, ಜಾಣತನವೂ ಹೌದು. 1965ರ ಕೇಂದ್ರ ಸರಕಾರದ ನಿಯಮಗಳೂ ದುಡಿಯುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆನ್ನುತ್ತವೆ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ.

ಇಂದು ರಾತ್ರಿ ನೀವು ಮಲಗುವ ಮುನ್ನ ಕೊಟ್ಟಿಗೆಗೆ ಹೋಗಿ, ದನ ಮಲಗುವ ಜಾಗದಲ್ಲಿ ಒಮ್ಮೆ ಮೊಣಕಾಲೂರಿ ನೋಡಿರಿ. ಧೋತರ ತೊಯ್ದರೆ, ಮೊಣಕಾಲು ನೊಂದರೆ, ಆ ಜಾಗ ದನಕ್ಕೂ ಯೋಗ್ಯವಲ್ಲ.